ಕಟ್ ಅನ್ನಬೇಕು

"ಯಾರ ಕಡೆಯಾಕಿ ತಂಗಿ ನೀನು?" ಸಿರುಗುಪ್ಪದ ಅಕ್ಕಿ ಮಿಲ್ಲಿನ ಸಾವ್ಕಾರ ಗಾದಿಲಿಂಗಪ್ಪ ಶ್ರೀಕೃತಿಯ ಮುಖಕ್ಕೆ ಮೊಬೈಲು ಹಿಡಿದ. ಮಿಲ್ಲಿನ ಪ್ರಚಾರಕ್ಕೆಂದು ಆಕೆ ಬ್ಲಾಗಿನಲ್ಲಿ ಬರೆದಿದ್ದಳು: 'ಅಕ್ಕಿ ಕಡಿದು ನೋಡಿ. ಕಟ್ ಎಂದರೆ ಹಳೆಯದು, ಹಲ್ಲಿಗೆ ಅಂಟಿದರೆ ಹೊಸದು.'

"ಈ ಗುಟ್ಟು ಊರಿಗೆಲ್ಲಾ ಹೇಳಾಕ ಎದುರು ಮಿಲ್ಲಿನವ್ರು ಕಲಿಸ್ಯಾರೇನು?"

"ಪರೀಕ್ಷಾ ಮಾಡ್ರಿ ಅಂದ್ರ ಮಂದಿ ನಂಬ್ತಾರ್ರಿ ಸಾವ್ಕಾರ್ರ. ನಮ್ಮ ಅಕ್ಕೀನ ಕೇಳ್ಕೊಂಡು ಬರ್ತಾರ." ನಗುತ್ತಲೇ ಆಕೆ, 'ಎರಡು ವರ್ಷ ಹಳೆಯ ಸೋನಾ ಮಸೂರಿ' ಎಂದು ಅಚ್ಚಾಗಿದ್ದ ಚೀಲಕ್ಕೆ ಕೈಹಾಕಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು.

ಕರೆಂಟು ಹೋಗಿ ಮಿಲ್ಲು ಗಪ್ಪಾಗಿತ್ತು. ಮಷೀನು ಓಡುತ್ತಿದ್ದರೆ ಅದರ ಸದ್ದಿನ ನೆಪವನ್ನಾದರೂ ಹೇಳಬಹುದಿತ್ತು ಎಂದುಕೊಂಡ ಗಾದಿಲಿಂಗಪ್ಪ. ಶ್ರೀಕೃತಿ ಕಡಿದಳು. ಕಟ್ ಅನ್ನಲಿಲ್ಲ. ನಾಲಿಗೆಯಿಂದ ಹಲ್ಲು ಸವರಿಕೊಳ್ಳುತ್ತ ಆಕೆ ಅವನ ಮುಖವನ್ನೇ ನೋಡತೊಡಗಿದಳು.