ನಾನೊಬ್ಬಳೇ

ಮೊದಲ ಸಾಲಿನಲ್ಲಿ ಕೂತ ವಕೀಲರ ಬೆರಳು ರಂಗದ ಮೇಲಿದ್ದ ತಂಗಿಯ ಮಾತಿನ ಹಿಂದೆಯೇ ಓಡುತ್ತಿತ್ತು. ತೊಡೆಯ ಮೇಲೆ ನಾಟಕದ ಪ್ರತಿ, ಪುಟಪುಟಕ್ಕೂ ಕಂಪನಿಯ ಮೊಹರು. ಒಂದಕ್ಷರ ಹೆಚ್ಚುಕಡಿಮೆಯಾದರೂ ಅವರು ಕೈ ಎತ್ತುತ್ತಾರೆ, ತೆರೆ ಬೀಳುತ್ತದೆ, ನಾಟಕ ಇವತ್ತಿಗೇ ಮುಗಿಯುತ್ತದೆ. ತನ್ನ ಕಾರ್ಖಾನೆಯ ಕಥೆ ಆಡಲು ಆ ಕಂಪನಿ ಹಾಕಿದ ಕರಾರು ಹಾಗಿತ್ತು.

ಪರದೆಯ ಮರೆಯಲ್ಲಿ, ಮರೆತ ಮಾತು ಎತ್ತಿಕೊಡಲು ಅಕ್ಕ ನಿಂತಿದ್ದಳು. ಮಧ್ಯಾಹ್ನ ಬಣ್ಣ ಹಚ್ಚಿಕೊಳ್ಳುತ್ತಲೇ ತಂಗಿ ಹೇಳಿದ್ದಳು, "ಅಕ್ಕಾ, ಇವತ್ತು ನಿಜ ಹೇಳ್ಬಿಡ್ತೀನಿ."

"ನಾಟಕ ನಿಂತೋದ್ರೆ ಇಬ್ಬರೂ ಏನು ತಿನ್ನೋದು?"

"ಸುಳ್ಳು ತಿಂದು ತಿಂದು ನಂಗಂತೂ ಅಜೀರ್ಣ ಆಗಿದೆ."

ನಿಜ ಇಷ್ಟೇ. ಎಂಬತ್ತು ವರ್ಷದ ಹಿಂದೆ, ಹೆಂಗಸರು ಅಂಗಡಿಯ ಮೆಟ್ಟಿಲು ಹತ್ತಲೂ ಹಿಂಜರಿಯುತ್ತಿದ್ದ ಕಾಲದಲ್ಲಿ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ತೆರೆದ ಗಟ್ಟಿಗಿತ್ತಿಯ ಕಥೆ ಇದು. ರಂಗದ ಮೇಲೆ ತಂಗಿಯದೊಂದೇ ಪಾತ್ರ. ಆದರೆ ಅವಳಿಗೆ ಸಿಕ್ಕ ಹಳೆಯ ಫೋಟೋದಲ್ಲಿ ಬಣ್ಣದ ಬಾನಿಯ ಮುಂದೆ ಇಬ್ಬರಿದ್ದರು. ಒಬ್ಬಳು ಒಡತಿ. ಇನ್ನೊಬ್ಬಳು ಯಾರೋ, ಮೊಣಕೈವರೆಗೂ ಕೈ ಕಪ್ಪು. ಫೋಟೋದ ಹಿಂಬದಿಯಲ್ಲಿ ಒಡತಿಯದೇ ಬರಹ: 'ಬಣ್ಣದ ಗುಟ್ಟು ಇವಳದು, ಓಡಾಟ ನನ್ನದು, ಕಾರ್ಖಾನೆ ಇಬ್ಬರದು.'

ತಂಗಿ ಆ ಇನ್ನೊಬ್ಬಳನ್ನು ನಾಟಕಕ್ಕೆ ತಂದಳು. ಒಡತಿಯ ಮೊಮ್ಮಗ, ಈಗಿನ ಯಜಮಾನ, ಆ ಭಾಗವನ್ನೇ ಹೊಡೆದುಹಾಕಿಸಿದ. ವಕೀಲರಂತೂ ಗಾಯದ ಮೇಲೆ ಬರೆ ಎಳೆದರು. "ಕಟ್ಟಿದವಳು ನಾನು" ಎಂಬ ಕೊನೆಯ ಮಾತನ್ನು ತಮ್ಮ ಪೆನ್ನಿನಲ್ಲೇ "ಕಟ್ಟಿದವಳು ನಾನೊಬ್ಬಳೇ" ಎಂದು ತಿದ್ದಿದರು. ಯಜಮಾನ ಹಿಗ್ಗಿ ಹೀರೇಕಾಯಿಯಾದ. ಅಕ್ಕ ಮಾತ್ರ ವಕೀಲರಿಗೆ ಮನಸಾರೆ ಶಾಪ ಹಾಕಿದ್ದಳು.

ಕೊನೆಯ ದೃಶ್ಯ ಬಂತು. ತಂಗಿ ಬಾನಿಯ ಮುಂದೆ ನಿಂತಳು. ನಿಂತೇ ಇದ್ದಳು. ಅಕ್ಕ ಮಾತು ಎತ್ತಿಕೊಟ್ಟಳು, ಮತ್ತೊಮ್ಮೆ ಕೊಟ್ಟಳು. ಇವಳು ಈಗ ಬಾಯಿಬಿಡುತ್ತಾಳೆ, ನಮ್ಮ ಕಥೆ ಮುಗಿಯಿತು ಎಂದು ಅವಳಿಗೆ ಅಳುವೇ ಬಂತು. ವಕೀಲರು ತಲೆಯೆತ್ತಿ ತಂಗಿಯನ್ನೇ ನೋಡುತ್ತಿದ್ದರು.

ತಂಗಿ ಪಕ್ಕಕ್ಕೆ ತಿರುಗಿದಳು, ಅಲ್ಲಿ ಯಾರೋ ಇರುವಂತೆ.

"ಕಟ್ಟಿದವಳು..." ದನಿ ಮೇಲೇರಿತು. "ನಾನೊಬ್ಬಳೇ?"

ತಂಗಿಯ ನೋಟ ಆ ಖಾಲಿ ಜಾಗವನ್ನು ಬಿಟ್ಟು ಕದಲಲಿಲ್ಲ. ಇನ್ನೊಬ್ಬಳು ಅಲ್ಲಿ ನಿಂತಿರುವುದು ಕುರುಡನಿಗೂ ಕಾಣುವಂತಿತ್ತು.

ವಕೀಲರ ಪಕ್ಕದಲ್ಲಿ ಕೂತಿದ್ದ ಯಜಮಾನ ಕೆಂಡವಾಗಿ ಎದ್ದ. "ಕೈ ಎತ್ರೀ ವಕೀಲರೇ. ಮಾತು ಬದಲಾಯಿಸಿದ್ಲು."

"ಇಲ್ಲ ಸ್ವಾಮಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಕರಾರಿನಲ್ಲಿ ರಾಗದ ಮಾತೇ ಇಲ್ವಲ್ಲ."

"ಕರಾರು ಬರೆದಿದ್ದು ನೀವು. ಆ 'ಒಬ್ಬಳೇ' ಸೇರಿಸಿದ್ದೂ ನೀವೇ."

"ಹೌದು," ಎಂದರು ವಕೀಲರು, ಪರದೆಯ ಮರೆಗೂ ಕೇಳುವಂತೆ. "ಆ ಇನ್ನೊಬ್ಬರು ನಮ್ಮಜ್ಜಿ."