ನಾಲ್ಕು ನಿಂಬೆಹಣ್ಣು

"ಹನ್ನೊಂದಕ್ಕ ಮಗ ಬರ್ತಾನ. ಅಷ್ಟರಾಗ ಎಂಜಿನ್ ನೆಲಾ ಮುಟ್ಟಬೇಕು," ಎನ್ನುತ್ತ ಈರವ್ವ ತನ್ನ ಮನೆಯ ಗ್ಯಾರೇಜಿನ ಶಟರ್ ಎಳೆದು ಒಳಗಿನಿಂದ ಚಿಲಕ ಹಾಕಿದಳು.

ಕಾರಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ ಯಾಕೂಬಸಾಬನ ಎರಡು ಕಾಲು ಮಾತ್ರ ಕಾಣುತ್ತಿದ್ದವು. "ಹೌದ್ರಿ ಅಕ್ಕಾರ, ಎಂಜಿನ್ನಿಗೂ ಒಮ್ಮೆ ಗಡಿಯಾರ ತೋರಸ್ರಿ," ಅಂದವು ಆ ಕಾಲುಗಳು.

ಹದಿನೈದು ವರ್ಷದಿಂದ ಈರವ್ವ ಆ ಕೆಂಪು ನ್ಯಾನೋದಲ್ಲಿ ಖಡಕ್ ರೊಟ್ಟಿ ತುಂಬಿಕೊಂಡು ಹಳೇ ಹುಬ್ಬಳ್ಳಿಯಿಂದ ಧಾರವಾಡದ ಹಾಸ್ಟೆಲ್ಲುಗಳವರೆಗೆ ತಿರುಗಿದ್ದಳು. ಈಗ ಅರವತ್ತಾರು. ಹೋದ ತಿಂಗಳಷ್ಟೇ ಲೈಸೆನ್ಸ್ ಹೊಸದು ಮಾಡಿಸಿ, ಕಣ್ಣಿನ ಡಾಕ್ಟರರ ಹಲಗೆಯ ಕೊನೆಯ ಸಾಲನ್ನೂ ಗಟ್ಟಿಯಾಗಿ ಓದಿ ಬಂದಿದ್ದಳು. ಆದರೆ ಗೋಕುಲ ರಸ್ತೆಯಲ್ಲಿ ಮನೆ ಮಾಡಿದ್ದ ಮಗ ರಾಜಶೇಖರನಿಗೆ ಬೇರೆ ಚಿಂತೆ. ಸಿಗ್ನಲ್ಲಿನಲ್ಲಿ ಈರವ್ವನನ್ನು ಕಂಡ ಬೀಗರು, "ನಿಮ್ಮ ಅವ್ವಾರು ಇನ್ನೂ ಡ್ರೈವರ್ ಕೆಲಸಾ ಬಿಟ್ಟಿಲ್ಲೇನ್ರಿ?" ಎಂದು ನಕ್ಕಿದ್ದರು. ಅಷ್ಟು ಸಾಕಾಯಿತು. ಕಾರಿನ ಕಾಗದ ಅವನ ಹೆಸರಿನಲ್ಲಿತ್ತು. ಗುಜರಿಗೆ ಕೊಡಲು ಮಾತಾಡಿಬಿಟ್ಟ.

"ರೊಟ್ಟಿ ಸಾಕವ್ವಾ. ಮನ್ಯಾಗ ಕುಂದ್ರು," ಅಂದಿದ್ದ, ಅದೂ ಫೋನಿನಲ್ಲಿ.

ಈರವ್ವನಿಗೆ ಬರದ ಕೆಲಸವೆಂದರೆ ಅದೊಂದೇ, ಸುಮ್ಮನೆ ಕೂರುವುದು.

ಬ್ಯಾಟರಿ ತಂತಿ ಬಿಚ್ಚಿಯಾಗಿತ್ತು, ಆಯಿಲ್ ಬಕೆಟ್ಟಿಗೆ ಇಳಿದಿತ್ತು. ಹಿಂದಿನ ಬಂಪರ್ ಗೋಡೆಗೆ ಒರಗಿತ್ತು. ಯಾಕೂಬಸಾಬ ಒಂದೊಂದು ವೈರ್ ಕಳಚಿದಂತೆ ಈರವ್ವ ಅದಕ್ಕೊಂದು ಬಣ್ಣದ ದಾರ ಕಟ್ಟಿದಳು. ಬೋಲ್ಟುಗಳನ್ನು ರೊಟ್ಟಿ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದಳು.

ಕೊನೆಯ ಬೋಲ್ಟ್ ಜಗ್ಗಲಿಲ್ಲ.

"ಇದು ನಿಮ್ಮ ಮಗನ ಕಡಿ ಐತ್ರಿ," ಅಂದ ಯಾಕೂಬಸಾಬ.

"ಅತ್ತಾಗ ಸರೀರಿ." ಈರವ್ವ ಬೋಲ್ಟ್ ತಿರುಗಿಸುವ ಪಾನಾದ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಬೋಲ್ಟ್ ಕಿರ್ರೆಂದಿತು, ತಿರುಗಿತು.

ಹಿತ್ತಲ ಬಾಗಿಲಿನಿಂದ ಯಾಕೂಬಸಾಬನ ಹೆಂಡತಿ ಗುಲ್ಜಾರಬಿ ಚಹಾ ತಂದಳು. ಗೋಡೆಯಾಚೆಯ ಮನೆ ಅವರದೇ. "ಕೋಳಿಗೋಳ ಮನಿ ಖಾಲಿ ಮಾಡಿಸೇನ್ರಿ ಅಕ್ಕಾರ. ಎರಡು ವರ್ಷ ಆರಾಮ ಇದ್ದವು. ಮುಂಜಾನಿಂದ ನನ್ನ ಬೈಯಾಕತ್ತಾವ."

"ಬೈಲಿ ಬಿಡು. ನನಗೂ ಬೈಯವ್ರು ಬರಾಕತ್ತಾರ."

ಕಾರಿನಡಿಯಿಂದ ಹೊರಬಂದ ಯಾಕೂಬಸಾಬ ಗ್ರೀಸು ಮೆತ್ತಿದ ಕೈಯನ್ನು ಗೋಡೆಯ ಗೂಡಿನಲ್ಲಿದ್ದ ನಾಲ್ಕು ನಿಂಬೆಹಣ್ಣುಗಳ ಕಡೆ ಚಾಚಿದ. ಈರವ್ವ ಆ ಕೈಗೆ ಪಟ್ಟನೆ ಹೊಡೆದಳು. "ಅವನ್ನ ಮುಟ್ಟಬ್ಯಾಡ್ರಿ. ಪೂಜಾಕ್ಕ ತಂದೇನಿ. ಅಲ್ಲೇ ಸಾಬೂನು ಐತಿ ನೋಡ್ರಿ."

ಎಂಜಿನ್ ಹಿಂದಿರುವ ಈ ಕಾರಿನಲ್ಲಿ ಎಂಜಿನ್ನನ್ನು ಮೇಲೆತ್ತುವುದಿಲ್ಲ. ಗಾಲಿಯ ಹಲಗೆಯ ಮೇಲೆ ಅದನ್ನು ಇಳಿಸಿ, ಕಾರನ್ನೇ ಎತ್ತಿಬಿಡುತ್ತಾರೆ. ಯಾಕೂಬಸಾಬ ಜಾಕ್ ಇಳಿಸುತ್ತ ಬಂದ, ಈರವ್ವ ತೊಲೆಗೆ ಕಟ್ಟಿದ್ದ ರಾಟೆಯ ಸರಪಳಿ ಎಳೆದಳು. ಕಾರಿನ ಹಿಂಭಾಗ ಮೇಲೆದ್ದಿತು. ಎಂಜಿನ್ ಹಲಗೆಯ ಮೇಲೆ ಉಳಿಯಿತು. ರೊಟ್ಟಿ ಮುಚ್ಚುವ ಬಿಳಿ ಬಟ್ಟೆಯನ್ನು ಈರವ್ವ ಅದರ ಮೇಲೆ ಹೊದಿಸಿದಳು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶಟರ್ ಗಡಗಡ ಅಂದಿತು. ಈರವ್ವ ಚಿಲಕ ತೆಗೆದಳು.

ರಾಜಶೇಖರ ಒಳಗೆ ಬಂದು ಹಲಗೆಯನ್ನು ನೋಡಿದ, ಕಾರಿನ ಹಿಂದಿನ ಖಾಲಿ ಗೂಡನ್ನು ನೋಡಿದ, ಆಮೇಲೆ ನಕ್ಕ. "ಎಂಜಿನ್ ಬಿಚ್ಚಿದ್ರ ಗಾಡಿ ಹೋಗೂದಿಲ್ಲಂತ ಮಾಡಿದ್ದೇನವ್ವಾ? ಹನಮೇಶ ಕ್ರೇನ್ ತಂದಾನ."

ಹಿಂದೆ ನಿಂತಿದ್ದ ಗುಜರಿ ಅಂಗಡಿಯ ಹನಮೇಶ ತಲೆ ಕೆರೆದುಕೊಂಡ. "ಎಂಜಿನ್ ಇಲ್ಲದ ಗಾಡಿ ಅಂದ್ರ..."

"ಹೆಂಗಿದ್ದರೂ ಒಯ್ಯೋ. ಇಲ್ಲಿಂದ ಹೋದ್ರ ಸಾಕು," ಎಂದ ರಾಜಶೇಖರ. ಅವ್ವನ ಕಡೆ ತಿರುಗಿ, "ಎಂಜಿನ್ ನೀನ ಇಟ್ಕೋ. ದೇವರ ಜಗಲಿ ಮ್ಯಾಲೆ ಇಟ್ಟು ಪೂಜಾ ಮಾಡು," ಎಂದ.

"ಮಾಡತೇನಪಾ. ಸಾಮಾನೆಲ್ಲಾ ತಂದೇನಿ."

"ಇನ್ನ ಗಾಡಿ ಮುಟ್ಟೂದಿಲ್ಲಂತ ಹೇಳಿಬಿಡು. ನಾ ನಿಶ್ಚಿಂತಿ ಆಕ್ಕೇನಿ."

ಈರವ್ವ ಹಣೆಯ ವಿಭೂತಿ ಮುಟ್ಟಿದಳು. "ನಿನ್ನ ಹೆಸರಿನ ಗಾಡಿ ಈ ಜನ್ಮದಾಗ ಮುಟ್ಟೂದಿಲ್ಲ."

ಯಾಕೂಬಸಾಬನಿಗೆ ಒಮ್ಮೆಲೇ ಕೆಮ್ಮು ಬಂತು.

ಕ್ರೇನ್ ಕೆಂಪು ಕಾರನ್ನು ಎಳೆಯತೊಡಗಿದಾಗ ಈರವ್ವ ಅಳಲಿಲ್ಲ. "ಆ ಬಂಪರ್ನೂ ಒಯ್ಯೋ ಹನಮೇಶ, ಇಲ್ಲಿ ಜಾಗಾ ಬೇಕಾಗೈತಿ," ಎಂದು ಹಿಂದಿನಿಂದ ಕೂಗಿದಳು. ರಾಜಶೇಖರ ಬೀದಿಯಲ್ಲೇ ನಿಂತು ಹೆಂಡತಿ ಆರತಿಗೆ ಫೋನು ಹಚ್ಚಿದ. "ಮುಗೀತು. ಅವ್ವ ಒಪ್ಪಿದಳು."

ಈರವ್ವ ಖಾಲಿ ಗ್ಯಾರೇಜನ್ನು ಎರಡು ಸಲ ಗುಡಿಸಿದಳು. ಮೂರು ದಿನ ಗೋಡೆಯಾಚೆ ಪಾನಾಗಳ ಸದ್ದಿತ್ತು. ಓಣಿಯವರು ಕೇಳಿದರೆ ಗುಲ್ಜಾರಬಿ, "ಕೋಳಿಗೂಡು ರಿಪೇರಿ ನಡದೈತ್ರಿ," ಅನ್ನುತ್ತಿದ್ದಳು.

ಆರನೇ ದಿನ ಮುಂಜಾನೆ ಗುಲ್ಜಾರಬಿ ಹಿತ್ತಲಿನ ತಾಡಪತ್ರಿ ಎಳೆದಳು. ಎರಡು ವರ್ಷದ ಹಿಂದೆ ಮಳೆನೀರು ನುಗ್ಗಿ ಎಂಜಿನ್ ಹಾಳಾದಾಗಿನಿಂದ ಕೋಳಿಗಳು ತತ್ತಿ ಇಡುತ್ತಿದ್ದ ಯಾಕೂಬಸಾಬನ ಬಿಳಿ ನ್ಯಾನೋ ಬಿಸಿಲಿಗೆ ಬಂತು. ಅದರ ಕಾಗದದಲ್ಲಿ ಈಗ ಈರವ್ವನ ಹೆಸರಿತ್ತು.

ಒಂದೊಂದು ಗಾಲಿಯ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು, ಹಿಂದಿನ ಸೀಟಿನಲ್ಲಿ ರೊಟ್ಟಿ ಹೇರಿ, ತನ್ನ ಹಳೆಯ ಎಂಜಿನ್ನಿನ ಗುರುತಿನ ಸದ್ದು ಕೇಳುತ್ತ, ನಾಲ್ಕೂ ಹಣ್ಣಿನ ಮೇಲೆ ಗಾಲಿ ಹಾಯಿಸಿ ಈರವ್ವ ಮೊದಲು ಮಗನ ಮನೆಯಿರುವ ಗೋಕುಲ ರಸ್ತೆಯ ಕಡೆಗೇ ಗಾಡಿ ತಿರುಗಿಸಿದಳು.