ಇಳಿಯದ ಹತ್ತು ಕಿಲೋ

ಗಂಡನ ಅಂಗಿಯ ಜೇಬನ್ನು ಆಕೆ ಒಳಹೊರಗು ಮಾಡಿ ಕೊಡವಿದಳು. ಒಂದಿಷ್ಟು ದಾರದ ಎಳೆ, ಒಂದು ಚಾಕ್ ಚೂರು ಬಿದ್ದವು. ಬನ್ನಿನ ಪುಡಿಯಿಲ್ಲ, ಮಿಠಾಯಿಯ ಕಾಗದವಿಲ್ಲ.

"ಎಲ್ಲಿ ತಿಂತೀರಿ, ಹೇಳಿಬಿಡಿ."

"ನಿನ್ನಾಣೆ, ಏನೂ ತಿಂತಿಲ್ಲ ಕಣೇ."

"ಮತ್ತೆ ಗಾಳಿ ಕುಡಿದು ಊದ್ಕೊಂಡ್ರಾ?"

ಆತ ಟೈಲರ್. ಊರವರ ಸೊಂಟವನ್ನೆಲ್ಲ ಅಳೆಯುವವನ ಸೊಂಟ ಮಾತ್ರ ಟೇಪಿಗೇ ಸಿಗದು ಎಂದು ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ಕಾಲೇಜಿಗೆ ಹೋಗುತ್ತಿದ್ದ ಒಬ್ಬಳೇ ಮಗಳ ಕಿಡ್ನಿಗಳು ಕೈಕೊಟ್ಟ ಮೇಲೆ ಆ ನಗು ನಿಂತಿತು.

ತಾಯಿಯ ಕಿಡ್ನಿ ಹೊಂದಲಿಲ್ಲ, ತಂದೆಯದು ಹೊಂದಿತು. ಆದರೆ ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಹತ್ತು ಕಿಲೋ ಇಳಿಸಿ ಬನ್ನಿ. ಈ ಮೈಯಲ್ಲಿ ನಿಮ್ಮನ್ನ ಆಪರೇಷನ್ನಿಗೆ ಮಲಗಿಸೋಕೆ ನಮಗೆ ಧೈರ್ಯ ಇಲ್ಲ. ತೆಳ್ಳಗಿರೋರಿಗೇ ಒಮ್ಮೊಮ್ಮೆ ಹೆಚ್ಚುಕಮ್ಮಿ ಆಗುತ್ತೆ." ಪಕ್ಕದಲ್ಲಿದ್ದ ಮಗಳ ಮುಖ ಬಿಳಿಚಿಕೊಂಡಿತು. ಇನ್ನೆಷ್ಟು ದಿನ ಕಾಯಬೇಕೋ ಎಂದು ಹೆದರಿದಳು, ಪಾಪ, ಎಂದುಕೊಂಡಳು ತಾಯಿ.

ಆಕೆ ಬೆಳಿಗ್ಗೆಯೇ ಲಾಂಡ್ರಿಗೆ ಇಸ್ತ್ರಿ ಕೆಲಸಕ್ಕೆ ಹೋಗಬೇಕು. "ಅಪ್ಪನ ಪಥ್ಯದ ಅಡುಗೆ ನನಗಿರಲಿ," ಎಂದಳು ಮಗಳು. "ಡಯಾಲಿಸಿಸ್ ಇಲ್ಲದ ದಿನ ಸುಮ್ಮನೆ ಬಿದ್ಕೊಂಡಿದ್ರೆ ಹುಚ್ಚು ಹಿಡಿಯುತ್ತೆ."

ಮೊದಲು ತೂಕ ಎರಡು ಕಿಲೋ ಇಳಿಯಿತು. ಆಮೇಲೆ ನಿಂತಿತು. ಆಮೇಲೆ ಏರತೊಡಗಿತು.

"ಪಥ್ಯ ಮಾಡಿದಷ್ಟೂ ಮೈ ಹಠ ಹಿಡಿಯುತ್ತೆ. ಹಸಿವಿಗೆ ಹೆದರಿ ಇದ್ದದ್ದನ್ನ ಕೂಡಿಡುತ್ತೆ. ಬಹಳ ಜನರ ಪಾಡು ಇದೇ," ಎಂದು ಡಾಕ್ಟರು ಸಮಾಧಾನ ಹೇಳಿದರು. ಆಕೆ ನಂಬಲಿಲ್ಲ. ಇಂಜೆಕ್ಷನ್ ಕಂಡರೇ ಬೆವರುವ ಗಂಡ. ಇಲ್ಲ ಎನ್ನಲು ಬಾಯಿಲ್ಲದೆ, ಕದ್ದು ತಿಂದು ದಿನ ದೂಡುತ್ತಿದ್ದಾನೆ. ಅನುಮಾನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು. ಇಂದು ಹೊರಗೆ ಬಂತು.

"ಮಗಳಿಗಿಂತ ಹೊಟ್ಟೆ ಹೆಚ್ಚಾಯ್ತಾ ನಿಮಗೆ? ಕತ್ತರಿ ಹಿಡಿದು ಬದುಕೋರು, ನಿಮ್ಮ ಮೈಗೆ ಕತ್ತರಿ ಅಂದ್ರೆ ಭಯ. ಬಾಯಿಬಿಟ್ಟು ಹೇಳಿ!"

ಅವನು ಕೆಳಗೆ ಬಿದ್ದ ಚಾಕ್ ಚೂರನ್ನು ಹೆಕ್ಕಿಕೊಂಡ. ಒಳಕೋಣೆಯಿಂದ ಮಗಳ ದನಿ ಬಂತು. "ಬಿಡಮ್ಮಾ. ಅಪ್ಪಂದೇನೂ ತಪ್ಪಿಲ್ಲ."

ಮರುದಿನ ಆಕೆ ರಜೆ ಹಾಕಿ, ಅವನ ಅಂಗಡಿಯೆದುರಿನ ಔಷಧಿ ಅಂಗಡಿಯಲ್ಲಿ ಮರೆಯಾಗಿ ನಿಂತಳು. ಗಿರಾಕಿಯೊಬ್ಬ ಕೇಕಿನ ತುಂಡು ಕೊಟ್ಟು ಹೋದ. ಟೈಲರ್ ಅದನ್ನು ಪಕ್ಕದ ಚಪ್ಪಲಿ ಹೊಲಿಯುವವನ ಕೈಗಿಟ್ಟ. ಮಗಳು ಕಟ್ಟಿಕೊಟ್ಟಿದ್ದ ಸೊಪ್ಪಿನ ಸೂಪು ಕುಡಿದ. ಆಮೇಲೆ ಎದ್ದು, ಮೆಷಿನ್ನಿಗೂ ಬಾಗಿಲಿಗೂ ನಡುವಿನ ಅಂಗೈಯಗಲ ಜಾಗದಲ್ಲಿ ಏದುಸಿರು ಬಿಡುತ್ತ ನಡೆಯತೊಡಗಿದ. ಅಂಗಿ ಬೆನ್ನಿಗಂಟಿದರೂ ನಿಲ್ಲಲಿಲ್ಲ.

ಆಕೆಗೆ ತಡೆಯಲಾಗಲಿಲ್ಲ. ರಸ್ತೆ ದಾಟಿ ಬಂದಳು.

"ಮಗೂಗೇನಾಯ್ತು?" ಎಂದ ಗಾಬರಿಯಿಂದ.

"ಏನೂ ಆಗಿಲ್ಲ. ಕೂತ್ಕೊಳ್ಳಿ."

ಅವನು ಕೂತ. "ನನ್ನ ಮೈಯೇ ನನ್ನ ಮಾತು ಕೇಳ್ತಿಲ್ಲ ಕಣೇ. ನಿದ್ದೆಗಣ್ಣಲ್ಲಿ ಎದ್ದು ಏನಾದ್ರೂ ತಿಂತೀನೇನೋ ಅಂತ ನನಗೇ ಅನುಮಾನ. ಅವಳು ಮಾಡೋ ಸೂಪು ಇಲ್ದಿದ್ರೆ ಎಂದೋ ಸೋತುಬಿಡ್ತಿದ್ದೆ. ಒಂದು ಹನಿ ಎಣ್ಣೆ ಇಲ್ಲದೆ ಎಷ್ಟು ರುಚಿ ಮಾಡ್ತಾಳೆ ಅಂತೀಯ!"

ಆಕೆ ಅವನ ಬೆವತ ಕೈಯನ್ನು ಸೆರಗಿನಿಂದ ಒರೆಸಿದಳು. ನಿನ್ನಪ್ಪ ಹೇಡಿಯಲ್ಲ ಎಂದು ಮೊದಲು ಮಗಳಿಗೆ ಹೇಳಬೇಕು. ಓಡುನಡಿಗೆಯಲ್ಲಿ ಮನೆಗೆ ಬಂದಳು.

ಮಿಕ್ಸಿಯ ಸದ್ದಿಗೆ ಮಗಳಿಗೆ ಬಾಗಿಲು ತೆರೆದದ್ದು ಕೇಳಿಸಲಿಲ್ಲ. ಊದಿದ ಕಾಲಿನ ಮೇಲೆ, ಗೋಡೆಗೆ ಒರಗಿ ನಿಂತಿದ್ದಳು. ಮಿಕ್ಸಿ ನಿಲ್ಲಿಸಿ, ಅಪ್ಪನ ರಾತ್ರಿಯ ಸೂಪಿಗೆಂದು ಅರೆದ ಸೊಪ್ಪಿಗೆ ನಿಂಬೆಗಾತ್ರದ ಬೆಣ್ಣೆ ಹಾಕಿದಳು. ಕೆನೆ ಸುರಿದಳು. ತೇಲಿದ ಜಿಡ್ಡು ಕಾಣದಂತೆ ಕದಡಿದಳು. ತಿರುಗಿ ತಾಯಿಯನ್ನು ಕಂಡಾಗ ಚಮಚ ಮುಚ್ಚಿಡಲಿಲ್ಲ.

"ಅಪ್ಪ ದಪ್ಪಗೇ ಇರಲಿ ಅಮ್ಮಾ," ಎಂದಳು. "ದಪ್ಪಗಿದ್ರೆ ಯಾರೂ ಅವರನ್ನ ಕುಯ್ಯಲ್ಲ."